ಕಣ್ಣಿನೊಳಗೆ ಹಾಕುವ ಸಣ್ಣ ಕೊಳವೆ: ಅವ್ವನನ್ನು ಪರೀಕ್ಷೆಗೆ ಸೇರಿಸಬಹುದೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ರೈತ. ನಮ್ಮ ಅವ್ವನಿಗೆ 64 ವರ್ಷ. ಎರಡೂ ಕಣ್ಣುಗಳಿಗೆ ಗ್ಲಾಕೋಮಾ ಇದೆ. ಮೂರು ವರ್ಷಗಳಿಂದ ಎರಡು ಬಗೆಯ ಡ್ರಾಪ್ಸ್ ಹಾಕುತ್ತಿದ್ದೇವೆ. ಫೈಲಿನಲ್ಲಿ ‘ಓಪನ್ ಆಂಗಲ್, ಮೈಲ್ಡ್’ ಎಂದು ಬರೆದಿದ್ದಾರೆ. ಈಗ ಬಲಗಣ್ಣಿಗೆ ಪೊರೆಯೂ ಬಂದಿದೆ. ನಾವು ತೋರಿಸುವ ದೊಡ್ಡ ಊರಿನ ಆಸ್ಪತ್ರೆಯವರು, ಪೊರೆ ಆಪರೇಷನ್ ಜೊತೆಗೇ ಕಣ್ಣಿನೊಳಗಿನ ನೀರು ಹರಿದು ಹೋಗಲು ಸಣ್ಣ ಕೊಳವೆ ಹಾಕುವ ಹೊಸ ಸಾಧನವೊಂದರ ಪರೀಕ್ಷೆ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದ್ದಾರೆ. ಖರ್ಚು ಇಲ್ಲವಂತೆ. ಆದರೆ ಕೊಳವೆ ಹಾಕುತ್ತಾರೋ ಇಲ್ಲವೋ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ತೀರ್ಮಾನಿಸುತ್ತದಂತೆ. ಆಪರೇಷನ್‌ಗೆ ಮೊದಲು ನಾಲ್ಕು ವಾರ ಡ್ರಾಪ್ಸ್ ನಿಲ್ಲಿಸಬೇಕಂತೆ. ಇದೆಲ್ಲ ನಮಗೆ ವಿಚಿತ್ರವಾಗಿ ಕಾಣುತ್ತಿದೆ. ‘ಬಡವರ ಮೇಲೆ ಪ್ರಯೋಗ ಮಾಡುತ್ತಾರೆ, ಹೋಗಬೇಡಿ’ ಎಂದು ಊರಿನವರು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸೇರಿಸಬಹುದು. ಆದರೆ ಅವರು ಕರೆದ ದಿನಕ್ಕೆ, ಕರೆದಷ್ಟು ವರ್ಷ, ತಪ್ಪದೆ ಅವ್ವನನ್ನು ಕರೆದೊಯ್ಯಲು ನಿಮ್ಮಿಂದ ಆಗುವುದಾದರೆ ಮಾತ್ರ. ಆಗದು ಎನ್ನಿಸಿದರೆ ಪೊರೆ ಆಪರೇಷನ್ ಒಂದನ್ನೇ ಮಾಡಿಸಿ, ಡ್ರಾಪ್ಸ್ ಮುಂದುವರಿಸಿ. ಇಷ್ಟು ಕಡ್ಡಿ ಮುರಿದಂತೆ ಏಕೆ ಹೇಳುತ್ತಿದ್ದೇನೆಂದರೆ, ಈ ಬಗೆಯ ಸಾಧನಗಳ ಗುಣದೋಷ ಮೊದಲ ವರ್ಷದಲ್ಲೇ ಪೂರ್ತಿ ಹೊರಬೀಳುವುದಿಲ್ಲ. ಎರಡು ವರ್ಷ ಚೆನ್ನಾಗಿ ನಡೆದು ಐದನೆಯ ವರ್ಷಕ್ಕೆ ಬಣ್ಣ ಬಯಲಾದ ಸಾಧನವೊಂದರ ಕಥೆ ಇದೆ. ಅದಕ್ಕೆ ಬರುವ ಮೊದಲು ಈ ಕೊಳವೆ ಏನು ಮಾಡುತ್ತದೆ ಎಂಬುದನ್ನು ನೋಡೋಣ.

ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಹುಟ್ಟುತ್ತಿರುತ್ತದೆ. ಇದು ಹೊರಗೆ ಸುರಿಯುವ ಕಣ್ಣೀರಲ್ಲ, ಒಳಗಿನದು. ನಿಮಿಷಕ್ಕೆ 2 ಮೈಕ್ರೋಲೀಟರ್‌ಗಿಂತ ತುಸು ಹೆಚ್ಚು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 3 ಮಿಲಿಲೀಟರ್. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವಾದ ಕಾರ್ನಿಯಾ ಮತ್ತು ಅದರ ಹಿಂದಿನ ಬಣ್ಣದ ಪರದೆ ಸೇರುವ ಮೂಲೆಯನ್ನು ನಾವು ಆಂಗಲ್ ಎನ್ನುತ್ತೇವೆ. ಅಲ್ಲಿ ಜರಡಿಯಂಥ ಒಂದು ಜಾಲವಿದೆ, ಜಾಲದಾಚೆ ಶ್ಲೆಮ್ ಕಾಲುವೆ ಎಂಬ ಸಣ್ಣ ನಾಳ. ಹುಟ್ಟಿದ ದ್ರವ ಈ ದಾರಿಯಲ್ಲಿ ಹೊರಬಿದ್ದು ರಕ್ತನಾಳಗಳನ್ನು ಸೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಗದ್ದೆ ಮಾಡುವ ನಿಮಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ: ತೂಬಿನ ಬಾಯಿಗೆ ಹೂಳು ಕಟ್ಟಿದರೆ ಹಿಂದೆ ನೀರು ಏರುತ್ತದೆ. ನಿಮ್ಮ ತಾಯಿಯವರ ಕಣ್ಣಿನಲ್ಲಿ ಮೂಲೆ ತೆರೆದೇ ಇದೆ, ಆದರೆ ಜಾಲ ನೀರನ್ನು ಸಲೀಸಾಗಿ ಬಿಡುತ್ತಿಲ್ಲ. ಏರಿದ ಒತ್ತಡ ಹಿಂಭಾಗದ ದೃಷ್ಟಿನರವನ್ನು ನಿಧಾನವಾಗಿ ಸವೆಸುತ್ತದೆ. ಹೋದ ದೃಷ್ಟಿ ಯಾವ ಡ್ರಾಪ್ಸ್‌ನಿಂದಲೂ ಯಾವ ಕೊಳವೆಯಿಂದಲೂ ಮರಳುವುದಿಲ್ಲ. ಈ ಸಾಧನಗಳೆಲ್ಲ ಮಾಡುವುದು ಒಂದೇ ಕೆಲಸ, ಒತ್ತಡ ಇಳಿಸುವುದು. ಯಾರಾದರೂ ‘ಕೊಳವೆ ಹಾಕಿದರೆ ಕಣ್ಣು ಮೊದಲಿನಂತಾಗುತ್ತದೆ’ ಎಂದರೆ ಅವರ ಮಾತಿಗೆ ಕಿವಿಗೊಡಬೇಡಿ.

ಒತ್ತಡ ಇಳಿಸುವ ಹಳೆಯ ಆಪರೇಷನ್ ಟ್ರಾಬೆಕ್ಯುಲೆಕ್ಟಮಿ. ಅದನ್ನು ಕೇರ್ನ್ಸ್ ಎಂಬ ಬ್ರಿಟಿಷ್ ವೈದ್ಯರು 1968ರಲ್ಲಿ ವಿವರಿಸಿದರು. ಕಣ್ಣಿನ ಬಿಳಿಗುಡ್ಡೆಯಲ್ಲಿ ಸಣ್ಣ ಮುಚ್ಚಳ ಕತ್ತರಿಸಿ, ನೀರು ಮೇಲಿನ ತೆಳುಪದರದ ಅಡಿಗೆ ಬಸಿಯುವಂತೆ ಮಾಡುವುದು. ಒತ್ತಡ ಇಳಿಸುವುದರಲ್ಲಿ ಇಂದಿಗೂ ಅದು ಎತ್ತಿದ ಕೈ. ತೊಂದರೆಯೆಂದರೆ ಕೆಲವೊಮ್ಮೆ ಒತ್ತಡ ಅತಿಯಾಗಿ ಕುಸಿಯುತ್ತದೆ, ಬಸಿಯುವ ಜಾಗಕ್ಕೆ ಸೋಂಕಿನ ಭಯ ಜೀವನಪೂರ್ತಿ ಇರುತ್ತದೆ. ಕಾಯಿಲೆ ಮುಂದುವರಿದವರಿಗೆ ಆ ಅಪಾಯ ಸಹಿಸಬಹುದಾದದ್ದು. ನಿಮ್ಮ ತಾಯಿಯವರಂತೆ ಆರಂಭದ ಹಂತದಲ್ಲಿ ಇರುವವರಿಗೆ ಅದು ದುಬಾರಿ ಎನಿಸುತ್ತದೆ. ಡ್ರಾಪ್ಸ್‌ಗೂ ಆ ದೊಡ್ಡ ಆಪರೇಷನ್‌ಗೂ ನಡುವಿನ ಈ ಖಾಲಿ ಜಾಗಕ್ಕೆ ಬಂದವೇ ನೀವು ಕೇಳುತ್ತಿರುವ ಸಣ್ಣ ಸಾಧನಗಳು. ನಮ್ಮ ವೃತ್ತಿಯಲ್ಲಿ ಇವನ್ನೆಲ್ಲ ಒಟ್ಟಾಗಿ ‘ಮಿಗ್ಸ್’, ಅಂದರೆ ಸಣ್ಣ ಗಾಯದ ಗ್ಲಾಕೋಮಾ ಆಪರೇಷನ್, ಎನ್ನುತ್ತೇವೆ.

ಒಂದೇ ಹೆಸರಿನಡಿ ಬಂದರೂ ಇವೆಲ್ಲ ಒಂದೇ ಜಾತಿಯವಲ್ಲ. ನೀರನ್ನು ಎಲ್ಲಿಗೆ ಕಳುಹಿಸುತ್ತವೆ ಎನ್ನುವುದರ ಮೇಲೆ ಗುಣವೂ ಅಪಾಯವೂ ಬದಲಾಗುತ್ತವೆ. ಐಸ್ಟೆಂಟ್, ಹೈಡ್ರಸ್‌ನಂಥವು ಕಣ್ಣಿನ ಸ್ವಂತ ದಾರಿಯನ್ನೇ ಬಳಸುತ್ತವೆ. ಮೊದಲ ಐಸ್ಟೆಂಟ್ ಟೈಟಾನಿಯಂನದು, ಉದ್ದ ಒಂದು ಮಿಲಿಮೀಟರ್, ಜಾಲವನ್ನು ಚುಚ್ಚಿ ಶ್ಲೆಮ್ ಕಾಲುವೆಯಲ್ಲಿ ಕೂರುತ್ತದೆ. ಹೈಡ್ರಸ್ 8 ಮಿಲಿಮೀಟರ್ ಉದ್ದದ ನಿಟಿನಾಲ್ ಲೋಹದ ಬಾಗಿದ ಸ್ಟೆಂಟ್. ಕಾಲುವೆಯೊಳಗೆ ಮಲಗಿ ಅದನ್ನು ಅಗಲವಾಗಿ ತೆರೆದಿಡುತ್ತದೆ. ಇವು ಸೌಮ್ಯ ಸ್ವಭಾವದವು. ಆದರೆ ಅಲ್ಲಿಂದಾಚೆ ಇರುವ ರಕ್ತನಾಳಗಳಲ್ಲೇ 8ರಿಂದ 10 ಮಿಲಿಮೀಟರ್ ಪಾದರಸದಷ್ಟು ಒತ್ತಡ ಇರುವುದರಿಂದ ಅದಕ್ಕಿಂತ ಕೆಳಗೆ ಇಳಿಸುವುದು ಅವುಗಳ ಕೈಯಲ್ಲಾಗದು. ಸಾಮಾನ್ಯವಾಗಿ 15ರ ಆಸುಪಾಸಿಗೆ ನಿಲ್ಲುತ್ತವೆ. ಝೆನ್, ಪ್ರಿಸರ್‌ಫ್ಲೋದಂಥವು ನೀರನ್ನು ಬಿಳಿಗುಡ್ಡೆಯ ಮೇಲಿನ ತೆಳುಪದರದ ಅಡಿಗೆ ತರುತ್ತವೆ, ಅಂದರೆ ಹಳೆಯ ಆಪರೇಷನ್ನಿನ ಹಾದಿಯನ್ನೇ ಸಣ್ಣದಾಗಿ ಹಿಡಿಯುತ್ತವೆ. ಹೆಚ್ಚು ಇಳಿಸುತ್ತವೆ, ಹೆಚ್ಚು ಕಾವಲು ಬೇಡುತ್ತವೆ. ಮೂರನೆಯ ದಾರಿ ಬಿಳಿಗುಡ್ಡೆಯ ಗೋಡೆಗೂ ಅದರ ಒಳಪದರಕ್ಕೂ ನಡುವಿನ ಸಂದು. ಮುಂದೆ ಹೇಳುವ ಕಥೆ ಆ ದಾರಿಯದು. ಆಸ್ಪತ್ರೆಯವರನ್ನು ನೀವು ಮೊದಲು ಕೇಳಬೇಕಾದದ್ದು ಇದನ್ನೇ: ಈ ಹೊಸ ಸಾಧನ ನೀರನ್ನು ಎಲ್ಲಿಗೆ ಬಿಡುತ್ತದೆ?

ಮನುಷ್ಯರ ಕಣ್ಣಿಗೆ ಬರುವ ಮೊದಲು ಸಾಧನ ಪ್ರಯೋಗಾಲಯದ ಮೇಜಿನ ಮೇಲೆ ಬಹಳ ಕಾಲ ಕಳೆಯುತ್ತದೆ. ಅಲ್ಲಿನ ಕೆಲಸ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಝೆನ್ ಎಂಬುದು ಹಂದಿಯ ಜೆಲಾಟಿನ್‌ನಿಂದ ಮಾಡಿದ 6 ಮಿಲಿಮೀಟರ್ ಉದ್ದದ ಮೆತ್ತನೆಯ ಕೊಳವೆ. ಅದರ ಒಳಗಿನ ಅಗಲ 45 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ಕಡಿಮೆ. ಕವಾಟ ಇಲ್ಲ, ಗೇಟು ಇಲ್ಲ. ಒತ್ತಡ ಒಮ್ಮೆಲೇ ಕುಸಿಯದಂತೆ ತಡೆಯುವುದು ಕೊಳವೆಯ ಕಿರಿದುತನ ಮತ್ತು ಉದ್ದ ಮಾತ್ರ. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ಅಗಲದ ನಾಲ್ಕನೆಯ ಘಾತದಂತೆ ಏರುತ್ತದೆ ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ಹಾಗಾಗಿ 45 ಮೈಕ್ರಾನ್ ಇರಬೇಕಾದದ್ದು ತಯಾರಿಕೆಯಲ್ಲಿ 50 ಆದರೆ ಅದೇ ಒತ್ತಡಕ್ಕೆ ಹರಿವು ಒಂದೂವರೆ ಪಟ್ಟು ಆಗುತ್ತದೆ. ಅಗಲ ಇಮ್ಮಡಿಯಾದರೆ ಹರಿವು ಹದಿನಾರು ಪಟ್ಟು. ಆದ್ದರಿಂದ ಮೈಕ್ರೋಲೀಟರ್ ಲೆಕ್ಕದಲ್ಲಿ ದ್ರವ ತಳ್ಳುವ ಪಂಪಿಗೆ ಕೊಳವೆ ಸಿಕ್ಕಿಸಿ, ಎಷ್ಟು ಹರಿವಿಗೆ ಎಷ್ಟು ಒತ್ತಡ ನಿಲ್ಲುತ್ತದೆ ಎಂದು ಮತ್ತೆ ಮತ್ತೆ ಅಳೆಯುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ನಿಮ್ಮ ಕಡೆಯವರಿಗೆ ಆದ ಗಾಬರಿ ನೆನಪಿರಬಹುದು. ಒತ್ತಡ ತೀರಾ ಕುಸಿದ ಕಣ್ಣಿನ ಮುಂದೆ ಕೂತಾಗ ನಮಗೂ ಆಗುವುದು ಅದೇ. ಇದಲ್ಲದೆ ವಸ್ತು ದೇಹಕ್ಕೆ ಒಗ್ಗುತ್ತದೆಯೇ, ವರ್ಷಗಳ ಮೇಲೆ ಕರಗುತ್ತದೆಯೇ, ತುಂಡಾಗುತ್ತದೆಯೇ, ಎಂಆರ್‌ಐ ಯಂತ್ರದೊಳಗೆ ಅಲುಗಾಡುತ್ತದೆಯೇ ಎಂಬ ಪರೀಕ್ಷೆಗಳಿವೆ. ದಾನವಾಗಿ ಬಂದ ಕಣ್ಣುಗಳಲ್ಲಿ, ಆಮೇಲೆ ಮೊಲಗಳ ಕಣ್ಣಿನಲ್ಲಿ ಹಾಕಿ ನೋಡುತ್ತಾರೆ.

ಇನ್ನು ಮನುಷ್ಯರ ಮೇಲಿನ ಪರೀಕ್ಷೆ. ನಿಮಗೆ ವಿಚಿತ್ರವಾಗಿ ಕಂಡ ಎರಡು ಸಂಗತಿಗಳು, ಅಂದರೆ ಚೀಟಿ ಎತ್ತುವುದು ಮತ್ತು ಡ್ರಾಪ್ಸ್ ನಿಲ್ಲಿಸುವುದು, ನನ್ನ ದೃಷ್ಟಿಯಲ್ಲಿ ಆ ಆಸ್ಪತ್ರೆಯ ಪರೀಕ್ಷೆ ನೆಟ್ಟಗಿದೆ ಎನ್ನುವುದಕ್ಕೆ ಒಳ್ಳೆಯ ಗುರುತುಗಳು.

ಏಕೆಂದರೆ ಪೊರೆ ತೆಗೆದು ಲೆನ್ಸ್ ಹಾಕಿದರೆ ಸಾಕು, ಯಾವ ಕೊಳವೆಯೂ ಇಲ್ಲದೆ ಎಷ್ಟೋ ಜನರ ಕಣ್ಣಿನ ಒತ್ತಡ ತಾನಾಗಿ ಇಳಿಯುತ್ತದೆ. ದಪ್ಪಗಾದ ಹಳೆಯ ಲೆನ್ಸ್ ಹೋದಾಗ ಮೂಲೆ ಅಗಲವಾಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ‘ಕೊಳವೆ ಹಾಕಿದ ನೂರು ಜನರಲ್ಲಿ ಎಪ್ಪತ್ತು ಜನರಿಗೆ ಒತ್ತಡ ಇಳಿಯಿತು’ ಎಂದು ಜಾಹೀರಾತು ಮಾಡಿದರೆ ಕೇಳುವವರು ದಂಗಾಗುತ್ತಾರೆ, ಆದರೆ ಅದರಲ್ಲಿ ಕೊಳವೆಯ ಪಾಲೆಷ್ಟು, ಪೊರೆ ಆಪರೇಷನ್ನಿನ ಪಾಲೆಷ್ಟು? ಹೈಡ್ರಸ್ ಪರೀಕ್ಷೆಯಲ್ಲಿ 556 ಜನರಿದ್ದರು. 369 ಜನರಿಗೆ ಪೊರೆ ಆಪರೇಷನ್ ಜೊತೆ ಸ್ಟೆಂಟ್, 187 ಜನರಿಗೆ ಪೊರೆ ಆಪರೇಷನ್ ಮಾತ್ರ. ಎರಡು ವರ್ಷಗಳ ನಂತರ ಡ್ರಾಪ್ಸ್ ನಿಲ್ಲಿಸಿ ಅಳೆದಾಗ, ಒತ್ತಡ ಶೇ 20ರಷ್ಟಾದರೂ ಇಳಿದವರು ಸ್ಟೆಂಟ್ ಗುಂಪಿನಲ್ಲಿ ಶೇ 77.3. ಬರಿಯ ಪೊರೆ ಆಪರೇಷನ್ ಆದವರಲ್ಲಿ ಶೇ 57.8! ಅಂದರೆ ಐವರಿಗೆ ಸ್ಟೆಂಟ್ ಹಾಕಿದರೆ ಅದರಿಂದಲೇ ಹೆಚ್ಚುವರಿ ಲಾಭವಾಗುವುದು ಸುಮಾರು ಒಬ್ಬರಿಗೆ. ಮೊದಲ ಐಸ್ಟೆಂಟ್‌ನ 240 ಕಣ್ಣುಗಳ ಪರೀಕ್ಷೆಯಲ್ಲೂ ಅಷ್ಟೇ: ಒಂದು ವರ್ಷಕ್ಕೆ ಔಷಧವಿಲ್ಲದೆ ಒತ್ತಡ 21ರೊಳಗೆ ಇದ್ದವರು ಶೇ 72, ಹೋಲಿಕೆಯ ಗುಂಪಿನಲ್ಲಿ ಶೇ 50. ಲಾಭ ನಿಜ, ಆದರೆ ಕರಪತ್ರಗಳಲ್ಲಿ ಕಾಣುವಷ್ಟು ದೊಡ್ಡದಲ್ಲ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದ ಅಧ್ಯಯನದ ಅಂಕಿಗಳನ್ನು ಯಾರು ತೋರಿಸಿದರೂ ನಾನು ಅರ್ಧ ನಂಬಿಕೆಯಿಂದಲೇ ಓದುತ್ತೇನೆ. ಇನ್ನು ಯಾರಿಗೆ ಕೊಳವೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಟ್ಟರೆ ಅವರು ತಿಳಿದೋ ತಿಳಿಯದೆಯೋ ಒಳ್ಳೆಯ ಕಣ್ಣುಗಳನ್ನೇ ಆರಿಸಿಬಿಡುತ್ತಾರೆ. ಅದಕ್ಕೇ ಚೀಟಿ. ನಿಮ್ಮ ತಾಯಿಯವರಿಗೆ ಕೊಳವೆಯ ಚೀಟಿ ಬರದಿದ್ದರೂ ಅವರಿಗೆ ಹೇಗೂ ಬೇಕಾಗಿದ್ದ ಪೊರೆ ಆಪರೇಷನ್ ಸಿಗುತ್ತದೆ, ಡ್ರಾಪ್ಸ್ ಮುಂದುವರಿಯುತ್ತದೆ. ಬರಿಗೈಯಲ್ಲಿ ಯಾರೂ ವಾಪಸಾಗುವುದಿಲ್ಲ.

ಡ್ರಾಪ್ಸ್ ನಿಲ್ಲಿಸುವ ಉದ್ದೇಶವೂ ಇಂಥದ್ದೇ. ಎರಡು ಔಷಧಗಳ ಮೇಲೆ ಒತ್ತಡ 17 ಎಂದು ಬಂದರೆ ಕಣ್ಣಿನ ನಿಜವಾದ ಒತ್ತಡ ಎಷ್ಟು ಎಂಬುದು ತಿಳಿಯುವುದಿಲ್ಲ. ರಾತ್ರಿ ಹಾಕುವ ಲಾಟನೊಪ್ರೊಸ್ಟ್ ಜಾತಿಯ ಔಷಧವಾಗಲಿ ಟಿಮೊಲಾಲ್ ಆಗಲಿ, ಅದರ ಪರಿಣಾಮ ಪೂರ್ತಿ ಇಳಿಯಲು ಸುಮಾರು ನಾಲ್ಕು ವಾರ ಬೇಕು. ಈ ನಾಲ್ಕು ವಾರವೇ ಇಡೀ ಪರೀಕ್ಷೆಯಲ್ಲಿ ನನಗೆ ಸ್ವಲ್ಪ ಅಳುಕು ಹುಟ್ಟಿಸುವ ಭಾಗ. ನರ ಹೆಚ್ಚು ಹಾಳಾಗಿಲ್ಲದ ಕಣ್ಣು ಒಂದು ತಿಂಗಳ ಏರಿಕೆಯನ್ನು ತಡೆದುಕೊಳ್ಳುತ್ತದೆ. ಕಾಯಿಲೆ ಮುಂದುವರಿದ ಕಣ್ಣು ತಡೆದುಕೊಳ್ಳುವುದೆಂದು ಹೇಳಲಾಗದು. ಹಾಗಾಗಿ ಇಂಥ ಪರೀಕ್ಷೆಗಳಿಗೆ ಆರಂಭದ ಹಾಗೂ ಮಧ್ಯಮ ಹಂತದವರನ್ನೇ ತೆಗೆದುಕೊಳ್ಳುತ್ತಾರೆ. ನಿಮ್ಮ ಫೈಲಿನಲ್ಲಿ ‘ಮೈಲ್ಡ್’ ಎಂದಿರುವುದು ಯಾವ ಆಧಾರದ ಮೇಲೆ ಎಂದು ಕೇಳಿ. ಇತ್ತೀಚಿನ ಫೀಲ್ಡ್ ಟೆಸ್ಟ್, ಅಂದರೆ ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆ, ನೋಡಿ ಹೇಳಿದ್ದರೆ ಸರಿ. ಎರಡು ವರ್ಷ ಹಳೆಯದಾಗಿದ್ದರೆ ಮತ್ತೊಮ್ಮೆ ಮಾಡಿಸಿದ ಮೇಲೆ ಮಾತ್ರ ಮುಂದಿನ ಮಾತು. ನಿಲ್ಲಿಸಿದ ಎರಡನೆಯ ವಾರದಲ್ಲಿ ಒಮ್ಮೆ ಒತ್ತಡ ನೋಡಿಸುವ ಏರ್ಪಾಡು ಇದೆಯೇ, ಎಷ್ಟಕ್ಕೆ ಏರಿದರೆ ಪರೀಕ್ಷೆಯಿಂದ ಹೊರಗಿಟ್ಟು ಔಷಧ ಮತ್ತೆ ಶುರು ಮಾಡುತ್ತಾರೆ ಎನ್ನುವುದನ್ನೂ ಬಾಯಿಬಿಟ್ಟು ಕೇಳಿ. ಅದಕ್ಕೊಂದು ಸಂಖ್ಯೆ ಅವರ ಬಳಿ ಬರಹದಲ್ಲಿ ಇರುತ್ತದೆ, ಇರಲೇಬೇಕು. ಎಡಗಣ್ಣಿನ ಡ್ರಾಪ್ಸ್ ಮುಂದುವರಿಸಬೇಕೇ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಿ. ಟಿಮೊಲಾಲ್‌ನಂಥ ಔಷಧ ಒಂದು ಕಣ್ಣಿಗೆ ಹಾಕಿದರೂ ರಕ್ತದ ಮೂಲಕ ಇನ್ನೊಂದಕ್ಕೂ ಸ್ವಲ್ಪ ತಾಗುತ್ತದೆ.

ಒತ್ತಡ ಅಳೆಯುವುದರಲ್ಲೂ ಒಂದು ಶಿಸ್ತು ಇದೆ. ಸಾಮಾನ್ಯ ಹೊರರೋಗಿ ವಿಭಾಗದಲ್ಲಿ ನಾನೊಬ್ಬನೇ ಕೂತು ಅಳೆಯುತ್ತೇನೆ: ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ, ಅವುಗಳ ಒಳ ಅಂಚುಗಳು ಒಂದನ್ನೊಂದು ಮುಟ್ಟುವವರೆಗೆ ಗುಂಡಿ ತಿರುಗಿಸಿ, ಗುಂಡಿಯ ಮೇಲಿನ ಅಂಕಿ ಓದುತ್ತೇನೆ. ಒಳ್ಳೆಯ ಪರೀಕ್ಷೆಗಳಲ್ಲಿ ಇದಕ್ಕೆ ಇಬ್ಬರು ಬೇಕು. ಒಬ್ಬರು ಅರ್ಧವೃತ್ತ ನೋಡುತ್ತಾ ಗುಂಡಿ ತಿರುಗಿಸುತ್ತಾರೆ, ಅಂಕಿ ಅವರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಬ್ಬರು ಅಂಕಿ ಓದಿ ಬರೆದು, ಗುಂಡಿಯನ್ನು ಮತ್ತೆ ಬೇರೆ ಕಡೆ ತಿರುಗಿಸಿಡುತ್ತಾರೆ. ಇಲ್ಲದಿದ್ದರೆ 22 ಎಂದು ತೋರಿದ್ದನ್ನು ನಮಗೇ ಗೊತ್ತಿಲ್ಲದಂತೆ 20ಕ್ಕೆ ಒಗ್ಗಿಸಿಬಿಡುತ್ತೇವೆ. ಒತ್ತಡ ಬೆಳಗ್ಗೆ ಒಂದು, ಸಂಜೆ ಒಂದು ಇರುವುದರಿಂದ ದಿನದಲ್ಲಿ ಹಲವು ಬಾರಿ ಅಳೆದು ಸರಾಸರಿ ತೆಗೆಯುತ್ತಾರೆ. ನಿಮಗೆ ಇದರ ಅರ್ಥ ಇಷ್ಟು: ಬೆಳಗಿನ ಅಳತೆಗೆ ಹಾಜರಿರಬೇಕಾದರೆ ಹಿಂದಿನ ರಾತ್ರಿಯೇ ಆ ಊರಿನಲ್ಲಿರಬೇಕು, ಸಂಜೆಯ ತನಕ ಇರಬೇಕು. ಎರಡು ದಿನದ ಕೆಲಸ.

ಈಗ ಆ ಕಥೆ. ಸೈಪಾಸ್ ಎಂಬ ಸಾಧನ, 6.35 ಮಿಲಿಮೀಟರ್ ಉದ್ದದ ಪಾಲಿಇಮೈಡ್ ಕೊಳವೆ. ಮೂರನೆಯ ದಾರಿಯಲ್ಲಿ, ಗೋಡೆಯ ಒಳಸಂದಿನಲ್ಲಿ ಕೂರುವಂಥದ್ದು. 505 ಜನರ ಮೇಲೆ, ಪೊರೆ ಆಪರೇಷನ್ ಮಾತ್ರ ಆದವರ ಜೊತೆ ಹೋಲಿಸಿ, ಎರಡು ವರ್ಷ ನೋಡಿದರು. ಫಲಿತಾಂಶ ಚೆನ್ನಾಗಿತ್ತು. 2016ರ ಜುಲೈನಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಲ್ಲಿಗೆ ಮುಗಿಸದೆ ಅದೇ ರೋಗಿಗಳನ್ನು ಐದು ವರ್ಷದವರೆಗೆ ಹಿಂಬಾಲಿಸಿದ್ದು ಪುಣ್ಯ. ಒತ್ತಡದ ಅಂಕಿಗಳಲ್ಲಿ ಕಾಣದ ಹಾನಿಯೊಂದು ಕಾರ್ನಿಯಾದಲ್ಲಿ ನಡೆಯುತ್ತಿತ್ತು.

ಕಾರ್ನಿಯಾದ ಒಳಮೈಯಲ್ಲಿ ಎಂಡೋಥೀಲಿಯಂ ಎಂಬ ಒಂದೇ ಸಾಲಿನ ಕೋಶಪದರವಿದೆ. ಕಾರ್ನಿಯಾದೊಳಗೆ ನೀರು ನಿಲ್ಲದಂತೆ ಪಂಪು ಮಾಡುತ್ತಾ ಅದನ್ನು ತಿಳಿಯಾಗಿಡುವುದು ಇವುಗಳ ಕೆಲಸ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2,500 ಇರುತ್ತವೆ. ಸತ್ತ ಕೋಶದ ಜಾಗಕ್ಕೆ ಮನುಷ್ಯರಲ್ಲಿ ಹೊಸದು ಹುಟ್ಟುವುದಿಲ್ಲ, ಪಕ್ಕದವು ಹಿಗ್ಗಿ ಜಾಗ ತುಂಬುತ್ತವೆ. 500ರ ಆಸುಪಾಸಿಗೆ ಇಳಿದರೆ ಕಾರ್ನಿಯಾ ಊದಿ ಮಂಜಾಗುತ್ತದೆ. ಅಂದಹಾಗೆ, ಮೊಲದ ಎಂಡೋಥೀಲಿಯಂ ಕೋಶಗಳು ಮತ್ತೆ ಬೆಳೆಯಬಲ್ಲವು. ಗಾಯ ಬೇಗ ಮುಚ್ಚಿಕೊಳ್ಳುವುದರಿಂದ ಕಲೆ ಕಟ್ಟುವಿಕೆಯ ವಿಷಯದಲ್ಲಿ ಮೊಲ ಕಟ್ಟುನಿಟ್ಟಾದ ಪರೀಕ್ಷಕನಾದರೂ ಈ ಒಂದು ಅಪಾಯದ ಬಗ್ಗೆ ಅದರಿಂದ ಎಚ್ಚರಿಕೆ ನಿರೀಕ್ಷಿಸುವಂತಿಲ್ಲ.

ಐದು ವರ್ಷಗಳ ಕೊನೆಗೆ ಪೊರೆ ಆಪರೇಷನ್ ಮಾತ್ರ ಆದವರಲ್ಲಿ ಈ ಕೋಶಗಳು ಸರಾಸರಿ ಶೇ 10.1ರಷ್ಟು ಕಡಿಮೆಯಾಗಿದ್ದರೆ, ಸೈಪಾಸ್ ಹಾಕಿಸಿಕೊಂಡವರಲ್ಲಿ ಶೇ 20.5. 2018ರ ಆಗಸ್ಟ್ 29ರಂದು ತಯಾರಕರಾದ ಆಲ್ಕಾನ್ ಕಂಪನಿ ಸಾಧನವನ್ನು ಜಗತ್ತಿನ ಮಾರುಕಟ್ಟೆಯಿಂದಲೇ ತಾನಾಗಿ ಹಿಂದಕ್ಕೆ ಪಡೆಯಿತು. ಕಾರಣವನ್ನು ಹುಡುಕಿದ ರೀತಿ ನನಗೆ ಬಹಳ ಹಿಡಿಸಿತು. ಸೈಪಾಸ್‌ನ ತುದಿಯಲ್ಲಿ ಉಂಗುರಗಳಿದ್ದವು. ಕನ್ನಡಿಯ ಲೆನ್ಸ್ ಇಟ್ಟು ಮೂಲೆಯನ್ನು ನೋಡಿದಾಗ ಎಷ್ಟು ಉಂಗುರ ಹೊರಗೆ ಕಾಣುತ್ತದೋ ಅಷ್ಟು ಕೊಳವೆ ಕಣ್ಣಿನ ಮುಂಕೋಣೆಗೆ ಚಾಚಿದೆ ಎಂದರ್ಥ. ಒಂದೂ ಉಂಗುರ ಕಾಣದವರಲ್ಲಿ ಕೋಶಗಳ ನಷ್ಟ ವರ್ಷಕ್ಕೆ ಶೇ 1.39. ಒಂದು ಕಂಡರೆ 2.74. ಎರಡು ಅಥವಾ ಹೆಚ್ಚು ಕಂಡರೆ 6.96. ಲೆಕ್ಕ ಹಾಕಿ ನೋಡಿ: 2,500 ಕೋಶಗಳಿಂದ ಆರಂಭಿಸಿ ವರ್ಷಕ್ಕೆ ಶೇ 7ರಂತೆ ಹೋದರೆ ಐದು ವರ್ಷಕ್ಕೆ ಇನ್ನೂ 1,700ರ ಮೇಲಿರುತ್ತದೆ, ರೋಗಿಗೆ ಏನೂ ಗೊತ್ತಾಗುವುದಿಲ್ಲ. ಅದೇ ಗತಿ ಮುಂದುವರಿದರೆ ಇಪ್ಪತ್ತು ವರ್ಷಕ್ಕೆ 600ರ ಒಳಗೆ. ಅರ್ಧ ಮಿಲಿಮೀಟರ್ ಆಚೀಚೆ ಕೂತ ಕೊಳವೆಯಿಂದ ಇಷ್ಟೆಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹೈಡ್ರಸ್ ರೋಗಿಗಳನ್ನೂ ಐದು ವರ್ಷ ನೋಡಿದ್ದಾರೆ. ಔಷಧವಿಲ್ಲದೆ ಇದ್ದವರು ಶೇ 66, ಹೋಲಿಕೆಯ ಗುಂಪಿನಲ್ಲಿ 46. ಮುಂದೆ ದೊಡ್ಡ ಗ್ಲಾಕೋಮಾ ಆಪರೇಷನ್ ಬೇಕಾದವರು ಶೇ 2.4, ಅಲ್ಲಿ 6.2. ಆಪರೇಷನ್ ನಂತರದ ಮೊದಲ ತಿಂಗಳುಗಳನ್ನು ಬಿಟ್ಟರೆ ಕೋಶಗಳ ನಷ್ಟದ ಗತಿಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಸಾಧನಗಳ ಬಗ್ಗೆ ನಾವಿಂದು ಧೈರ್ಯವಾಗಿ ಮಾತಾಡುತ್ತಿರುವುದು ಐದನೆಯ ವರ್ಷದವರೆಗೆ ಬಂದು ಗಲ್ಲ ಯಂತ್ರದ ಮೇಲಿಟ್ಟು ಕೂತ ರೋಗಿಗಳಿಂದ. ನಡುವೆ ಕೈಬಿಟ್ಟವರ ಕಣ್ಣಿನಲ್ಲಿ ಏನಾಯಿತು ಎಂಬುದು ಯಾರ ಲೆಕ್ಕಕ್ಕೂ ಸಿಗದೆ ಹೋಯಿತು.

‘ಸಣ್ಣ ಗಾಯ, ಹೊಲಿಗೆ ಇಲ್ಲ, ಬೇಗ ಗುಣ’ ಎಂಬ ಫಲಕಗಳನ್ನು ಬಳ್ಳಾರಿಯ ರಸ್ತೆಗಳಲ್ಲೂ ಈಗ ನೋಡುತ್ತೇನೆ. ಗಾಯ ಸಣ್ಣದಾದರೆ ಫಲ ದೊಡ್ಡದಾಗುತ್ತದೆ ಎಂದೇನಿಲ್ಲ. ಪ್ರಿಸರ್‌ಫ್ಲೋ ಕೊಳವೆಯನ್ನು ಹಳೆಯ ಟ್ರಾಬೆಕ್ಯುಲೆಕ್ಟಮಿಯ ಎದುರಿಗೇ ನಿಲ್ಲಿಸಿ 527 ಜನರಲ್ಲಿ ಪರೀಕ್ಷಿಸಿದಾಗ ಒಂದು ವರ್ಷಕ್ಕೆ ಯಶಸ್ಸು ಕೊಳವೆಯಲ್ಲಿ ಶೇ 53.9, ಹಳೆಯ ಆಪರೇಷನ್‌ನಲ್ಲಿ 72.7. ಆದರೆ ಒತ್ತಡ ತಾತ್ಕಾಲಿಕವಾಗಿ ತೀರಾ ಕುಸಿದವರು ಕೊಳವೆಯಲ್ಲಿ ಶೇ 28.9, ಅಲ್ಲಿ 49.6. ಬಲ ಕಡಿಮೆ, ಕಾಟವೂ ಕಡಿಮೆ. ನಿಮ್ಮ ತಾಯಿಯವರಂಥ ಕಣ್ಣಿಗೆ ಈ ವಿನಿಮಯ ಒಪ್ಪುತ್ತದೆ. ದೃಷ್ಟಿ ಮುಕ್ಕಾಲು ಹೋದವರಿಗೆ ಒಪ್ಪುವುದಿಲ್ಲ.

‘ಬಡವರ ಮೇಲೆ ಪ್ರಯೋಗ’ ಎಂಬ ಮಾತಿಗೆ ಬರೋಣ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಮ್ಮ ಭಾಗದ ಜನರಿಗೆ ಅನುಮಾನ ಪಡಲು ಕಾರಣಗಳಿವೆ. ಆದರೆ ಇವತ್ತು ಅದಕ್ಕೆ ಕಾಗದದ ಮೇಲೆ ಒಂದು ಬೇಲಿ ಇದೆ, ಅದನ್ನು ನೀವೇ ಪರಿಶೀಲಿಸಬಹುದು. ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಹೊಸ ಸಾಧನವನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಔಷಧ ಮತ್ತು ಸಾಧನಗಳನ್ನು ನಿಯಂತ್ರಿಸುವ ಕೇಂದ್ರದ ಸಿಡಿಎಸ್‌ಸಿಒ ಸಂಸ್ಥೆಯ ಅನುಮತಿ ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪರೀಕ್ಷೆ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿರಬೇಕು. ಆ ನೋಂದಣಿ ಸಂಖ್ಯೆ ‘ಸಿಟಿಆರ್‌ಐ’ ಎಂದು ಆರಂಭವಾಗುತ್ತದೆ, ಆಮೇಲೆ ವರ್ಷ, ತಿಂಗಳು. ಸಂಖ್ಯೆ ಕೇಳಿ ಪಡೆಯಿರಿ; ಮೊಬೈಲ್‌ನಲ್ಲೇ ಹುಡುಕಿದರೆ ಯಾರು ಹಣ ಹಾಕುತ್ತಿದ್ದಾರೆ, ಎಷ್ಟು ಜನ, ಎಷ್ಟು ಕಾಲ ಎಂಬುದೆಲ್ಲ ಸಿಗುತ್ತದೆ. ಸಂಖ್ಯೆ ಕೊಡಲು ತಡವರಿಸುವ ಜಾಗದಲ್ಲಿ ಒಂದು ನಿಮಿಷವೂ ನಿಲ್ಲಬೇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು. ಅವ್ವನಿಗೆ ಓದಲು ಬಾರದಿದ್ದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಮುಂದೆ ಪೂರ್ತಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು. ಪ್ರತಿಯೊಂದನ್ನು ಮನೆಗೆ ತನ್ನಿ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರುವ ಹಕ್ಕು ಅವರಿಗಿದೆ, ಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರದ ಹೊಣೆ ಪರೀಕ್ಷೆ ನಡೆಸುವ ಕಂಪನಿಯದು. ಒಪ್ಪಿಗೆ ಕೇಳಬೇಕಾದದ್ದು ಅವ್ವನನ್ನು, ನಿಮ್ಮನ್ನಲ್ಲ ಎಂಬುದನ್ನೂ ಮೆಲ್ಲಗೆ ನೆನಪಿಸುತ್ತೇನೆ.

ಇನ್ನೆರಡು ಪ್ರಶ್ನೆ ಕೇಳಲು ಸಂಕೋಚ ಬೇಡ. ಆಪರೇಷನ್ ಮಾಡುವ ವೈದ್ಯರು ಈ ಸಾಧನವನ್ನು ಈ ಮೊದಲು ಎಷ್ಟು ಕಣ್ಣುಗಳಿಗೆ ಹಾಕಿದ್ದಾರೆ? ರೋಗಿಯ ತಲೆಯನ್ನು ಒಂದು ಕಡೆ ಓರೆ ಮಾಡಿ, ಸೂಕ್ಷ್ಮದರ್ಶಕವನ್ನು ಬಾಗಿಸಿ, ಒಂದು ಕೈಯಲ್ಲಿ ಮೂಲೆ ತೋರಿಸುವ ಲೆನ್ಸ್ ಹಿಡಿದು ಇನ್ನೊಂದರಲ್ಲಿ ಕೊಳವೆ ಕೂರಿಸುವ ಕೆಲಸವಿದು; ದಿನಕ್ಕೆ ಮೂವತ್ತು ಪೊರೆ ತೆಗೆಯುವ ನುರಿತ ಕೈಗೂ ಹೊಸದಾಗಿ ಕಲಿಯಬೇಕಾದದ್ದು. ಎರಡನೆಯದು: ಎಂಡೋಥೀಲಿಯಂ ಕೋಶಗಳ ಎಣಿಕೆಯನ್ನು ಆಪರೇಷನ್‌ಗೆ ಮೊದಲೂ ಆಮೇಲೆ ಪ್ರತಿ ವರ್ಷವೂ ಮಾಡುತ್ತಾರೆಯೇ, ಎಷ್ಟು ವರ್ಷ? ಸ್ಪೆಕ್ಯುಲರ್ ಎಂಬ ಯಂತ್ರದಲ್ಲಿ ಕಣ್ಣನ್ನು ಮುಟ್ಟದೆಯೇ ಫೋಟೊ ತೆಗೆದು ಎಣಿಸುತ್ತಾರೆ, ನೋವಿಲ್ಲ. ಸೈಪಾಸ್ ನಂತರವೂ ಈ ಎಣಿಕೆ ಯೋಜನೆಯಲ್ಲಿ ಇಲ್ಲದ ಪರೀಕ್ಷೆಗೆ ನನ್ನ ಮನೆಯವರನ್ನು ನಾನು ಕಳುಹಿಸುವುದಿಲ್ಲ.

ಇನ್ನು ಐದು ವರ್ಷದ ಮಾತು. ನಾಟಿಯ ಹೊತ್ತಿಗೆ ಆಳು ಸಿಗುವುದಿಲ್ಲ, ಕೊಯ್ಲಿನ ಹೊತ್ತಿಗೆ ಯಂತ್ರಕ್ಕೆ ಸರದಿ, ನಡುವೆ ಮದುವೆ ಜಾತ್ರೆ. ನಮ್ಮ ಭಾಗದ ರೋಗಿಗಳು ತಪಾಸಣೆ ತಪ್ಪಿಸುವುದು ಉದಾಸೀನದಿಂದಲ್ಲ, ಇದರಿಂದ. ತಪಾಸಣೆಯ ದಿನಾಂಕಗಳ ಪಟ್ಟಿಯನ್ನು ಸೇರುವ ಮೊದಲೇ ಕೇಳಿ. ಕೆಲವು ದಿನ ಹಿಂದೆಮುಂದೆ ಮಾಡಲು ಪರೀಕ್ಷೆಯಲ್ಲಿ ಅವಕಾಶ ಇದ್ದೇ ಇರುತ್ತದೆ, ನಾಟಿ ಕೊಯ್ಲುಗಳನ್ನು ಬಿಟ್ಟು ದಿನ ಗೊತ್ತು ಮಾಡಿಕೊಳ್ಳಿ. ಬಸ್ ಚಾರ್ಜು, ಉಳಿಯುವ ಖರ್ಚು ಕೊಡುತ್ತಾರೆಯೇ ಎಂದು ಕೇಳುವುದು ಸಣ್ಣತನವಲ್ಲ. ನಿಮಗೆ ಆಗದ ದಿನ ಅವ್ವನ ಜೊತೆ ಹೋಗಬಲ್ಲ ಇನ್ನೊಬ್ಬರು ಮನೆಯಲ್ಲಿ ಯಾರು ಎಂದು ಈಗಲೇ ಯೋಚಿಸಿ. ರಾತ್ರೋರಾತ್ರಿ ಕಣ್ಣು ಕೆಂಪಾಗಿ ನೋವು ಬಂದರೆ, ದೃಷ್ಟಿ ಥಟ್ಟನೆ ಮಂಜಾದರೆ, ದೊಡ್ಡ ಊರು ತಲುಪುವ ತನಕ ಕಾಯುವುದಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ, ಸಾಧನದ ಹೆಸರಿರುವ ಕಾರ್ಡು ತೋರಿಸಿ. ಆ ಕಾರ್ಡು ಅವ್ವನ ಆಧಾರ್ ಜೊತೆಯಲ್ಲೇ ಇರಲಿ.

ಸೇರದಿದ್ದರೆ ದಾರಿ ಮುಚ್ಚಿತೆಂದು ತಿಳಿಯಬೇಡಿ. ಜಾಲದ ಮೇಲೆ ಲೇಸರ್ ಬಿಡುವ ಎಸ್‌ಎಲ್‌ಟಿ ಚಿಕಿತ್ಸೆ ಇದೆ. ಹೊಸದಾಗಿ ಕಾಯಿಲೆ ಕಂಡವರಿಗೆ ಮೊದಲೇ ಅದನ್ನು ಕೊಟ್ಟು ನೋಡಿದ ಬ್ರಿಟನ್ನಿನ ಲೈಟ್ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಶೇ 74ರಷ್ಟು ರೋಗಿಗಳಿಗೆ ಡ್ರಾಪ್ಸ್ ಬೇಕಾಗಲಿಲ್ಲ. ಏನನ್ನೂ ಒಳಗೆ ಬಿಡದೆ, ಬಾಗಿಸಿದ ಸೂಜಿಯಿಂದ ಜಾಲದ ಒಂದು ಭಾಗವನ್ನು ತೆಗೆಯುವ ಕಡಿಮೆ ಖರ್ಚಿನ ವಿಧಾನವನ್ನು ನಮ್ಮ ದೇಶದ ವೈದ್ಯರು ಪೊರೆ ಆಪರೇಷನ್ ಜೊತೆಗೇ ಮಾಡುತ್ತಿದ್ದಾರೆ. ಕಾಯಿಲೆ ಮುಂದೆ ಜೋರಾದರೆ ಮದುರೆಯ ಆರೋಲ್ಯಾಬ್ ತಯಾರಿಸುವ, ಕೈಗೆಟಕುವ ಬೆಲೆಯ ದೊಡ್ಡ ಟ್ಯೂಬ್ ಕೂಡ ಇದೆ. ಡ್ರಾಪ್ಸ್ ಮುಂದುವರಿಸುವುದಾದರೆ ಒಂದು ಎಚ್ಚರಿಕೆ: ಲಾಟನೊಪ್ರೊಸ್ಟ್‌ನ ತೆರೆಯದ ಬಾಟಲಿಗಳನ್ನು ಸಾಮಾನ್ಯವಾಗಿ ಫ್ರಿಜ್‌ನಲ್ಲಿ ಇಡಬೇಕು. 42 ಡಿಗ್ರಿ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ, ಗೂಡಿನಲ್ಲಿಟ್ಟ ಔಷಧ ಹಾಕಿ ‘ಒತ್ತಡ ಇಳಿಯುತ್ತಿಲ್ಲ’ ಎಂದು ಬರುವವರನ್ನು ಪ್ರತಿ ಏಪ್ರಿಲ್‌ನಲ್ಲಿ ನೋಡುತ್ತೇನೆ. ತೆರೆದ ಬಾಟಲಿಯನ್ನು ತಿಂಗಳಿಗೆ ಬದಲಿಸಿ, ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ತಾಯಿಗೆ ಗ್ಲಾಕೋಮಾ ಇದ್ದರೆ ಮಕ್ಕಳಿಗೂ ತಾಯಿಯ ಒಡಹುಟ್ಟಿದವರಿಗೂ ಅದು ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಆರಂಭದಲ್ಲಿ ನೋವೂ ಇರುವುದಿಲ್ಲ, ಮಂಜೂ ಇರುವುದಿಲ್ಲ. ನಿಮಗೂ ನಿಮ್ಮ ಒಡಹುಟ್ಟಿದವರಿಗೂ 40ರ ಹತ್ತಿರ ಬಂದಿದ್ದರೆ ಅವ್ವನ ಮುಂದಿನ ತಪಾಸಣೆಯ ದಿನವೇ ಒಟ್ಟಿಗೆ ಹೋಗಿ ಕಣ್ಣು ತೋರಿಸಿ. ‘ತಾಯಿಗೆ ಗ್ಲಾಕೋಮಾ ಇದೆ, ಒತ್ತಡ ಮತ್ತು ನರ ಎರಡನ್ನೂ ನೋಡಿ’ ಎಂದು ಮೊದಲೇ ಹೇಳಿ. ಕನ್ನಡಕದ ನಂಬರ್ ಮಾತ್ರ ನೋಡಿ ಕಳುಹಿಸಿದರೆ ಎದ್ದು ಬರಬೇಡಿ.